ಟ್ರಯಲ್ ಇಲ್ಲದೆ ಹೊಲಿಯಲ್ಲ

ಟೇಪಕ್ಕ ಜೈಲಿಗೆ ಬಂದದ್ದು ಒಂದು ವಾರದ ಮಟ್ಟಿಗೆ. ಹಾಗೆಂದು ಅವಳು ಅಂದುಕೊಂಡಿದ್ದಳು. ತಪ್ಪು ಅವಳದಲ್ಲ, ಕಸುಬಿನದು.

ಮೊದಲ ದಿನ ಕೋರ್ಟಿನ ವರಾಂಡದಲ್ಲಿ ಕರಿ ಕೋಟಿನವರೊಬ್ಬರು, "ಟ್ರಯಲ್ ಆಗೋ ತನಕ ಒಳಗಿರಮ್ಮ" ಎಂದಿದ್ದರು. ಇಪ್ಪತ್ತೆರಡು ವರ್ಷ ಟೈಲರ್ ಕೆಲಸ ಮಾಡಿದವಳಿಗೆ ಟ್ರಯಲ್ ಎಂದರೆ ಏನು? ಬಟ್ಟೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಗಿರಾಕಿಯ ಮೈಮೇಲೆ ಹಾಕಿಸಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ನೋಡುವುದು. ಒಂದು ವಾರಕ್ಕೆ ಟ್ರಯಲ್, ಹತ್ತನೇ ದಿನ ಡೆಲಿವರಿ. ಅಂಗಡಿಯ ಗೋಡೆಯ ಮೇಲೇ ಬರೆದಿತ್ತು. ಆದ್ದರಿಂದ ಪೊಲೀಸ್ ವ್ಯಾನು ಹತ್ತುವಾಗ ಮಗಳಿಗೆ, "ಸೋಮವಾರದ ಹೊತ್ತಿಗೆ ಬಂದ್ಬಿಡ್ತೀನಿ, ಚಿಕ್ಕಮ್ಮನ ಹತ್ರ ಜಗಳ ಆಡಬೇಡ" ಎಂದು ಹೇಳಿ ಹೊರಟಳು. ಮಗಳಿಗೆ ಆಗ ಹನ್ನೊಂದು. ಈಗ ಹದಿನಾರು ತುಂಬಿದೆ. ಆ ಸೋಮವಾರ ಇನ್ನೂ ಬಂದಿಲ್ಲ.

ಅವಳ ಮೇಲಿದ್ದ ಆರೋಪ ಕಳ್ಳತನ. ಅವಳು ಕೂಲಿಗೆ ಹೊಲಿಯುತ್ತಿದ್ದ ಅಂಗಡಿಯಲ್ಲಿ ಒಂದು ಥಾನು ಮಖಮಲ್ಲು ಕಾಣೆಯಾಯಿತು. ಥಾನು ಎಂದರೆ ಇಡೀ ಸುರುಳಿ, ಹೊರಲು ಇಬ್ಬರು ಬೇಕು. ಮಾಲೀಕ ಸುತ್ತ ಕಣ್ಣಾಡಿಸಿದ. ಅಳಿಯನ ಕಡೆ ನೋಡಲಿಲ್ಲ. ಟೇಪಕ್ಕನ ಕಡೆ ನೋಡಿದ. ತನಿಖೆ ಮುಗಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಇಲ್ಲಿ ಆನೆಯ ಮಾತಿರಲಿ, ಮಾನ ಹೋದದ್ದಾದರೂ ಹೇಗೆ ಎಂದು ಕೇಳುವವರೇ ಇರಲಿಲ್ಲ.

ಜೈಲಿನಲ್ಲಿ ಅವಳಿಗೆ ಹೊಲಿಗೆ ಶೆಡ್ಡು ಸಿಕ್ಕಿತು. ತಗಡಿನ ಸೂರು, ಹದಿನಾಲ್ಕು ಕಾಲುಮಿಷನ್ನು, ಅದರಲ್ಲಿ ಮೂರಕ್ಕೆ ಬೆಲ್ಟಿಲ್ಲ. ಪೊಲೀಸರ ಅಂಗಿ ಇಲ್ಲೇ ಹೊಲಿಯುವುದು, ಆಸ್ಪತ್ರೆಯ ಹೊದಿಕೆ ಇಲ್ಲೇ, ಕೋರ್ಟಿನವರ ಕರಿ ಕೋಟೂ ಇಲ್ಲೇ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ತುಳಿದು ತುಳಿದು ಬಲತೊಡೆ ಊದಿ, ಎಡತೊಡೆಗಿಂತ ಎರಡಿಂಚು ದಪ್ಪವಾಗಿತ್ತು. ಅಳೆದು ನೋಡಿದ್ದಳು. ಎರಡು ಸಲ ಸೂಜಿ ಉಗುರನ್ನು ತೂರಿ ಆಚೆ ಬಂದಿತ್ತು. ಮೊದಲ ಸಲ ಕಿರುಚಿದಾಗ ಸೂಪರಿಂಟೆಂಡೆಂಟರು ಬಂದು ಬೆರಳು ನೋಡಲಿಲ್ಲ, ಬಟ್ಟೆ ನೋಡಿದರು. "ಕರಿ ಬಟ್ಟೆ ತಾನೆ, ರಕ್ತ ಕಾಣಲ್ಲ, ಮುಂದುವರಿಸು" ಎಂದರು.

ಕೊರಳಲ್ಲಿ ಸದಾ ಅಳತೆಯ ಟೇಪು ಇರುತ್ತಿದ್ದರಿಂದ ಎಲ್ಲರಿಗೂ ಅವಳು ಟೇಪಕ್ಕ. ಸಂಜೆ ಟೇಪನ್ನು ವಾಪಸು ಕೊಡಬೇಕು. ಯಾರಾದರೂ ನೇಣು ಹಾಕಿಕೊಂಡುಬಿಟ್ಟರೆ ಎಂಬ ಭಯ. ಕೈದಿಯ ಮೇಲಿನ ಪ್ರೀತಿಯೇನಲ್ಲ, ಸತ್ತರೆ ಕಾಗದಪತ್ರ ಜಾಸ್ತಿ.

ತಿಂಗಳಿಗೊಂದು ವಾಯಿದೆ ಇರುತ್ತಿತ್ತು. ಆ ದಿನ ಬೆಳಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಗೇಟಿನ ಪಕ್ಕದ ಬೆಂಚಿನಲ್ಲಿ ಕಾದು ಕೂರುವುದು. ಹನ್ನೊಂದು ಗಂಟೆಗೆ ಯಾರಾದರೂ ಬಂದು, "ಇವತ್ತು ಎಸ್ಕಾರ್ಟ್ ಇಲ್ಲ, ಪೊಲೀಸರೆಲ್ಲ ಮಂತ್ರಿಗಳ ಬಂದೋಬಸ್ತಿಗೆ ಹೋಗಿದಾರೆ" ಎನ್ನುವುದು. ಅತ್ತ ಕೋರ್ಟಿನಲ್ಲಿ, "ಆರೋಪಿ ಹಾಜರಿಲ್ಲ" ಎಂದು ಬರೆದು ಇನ್ನೊಂದು ವಾಯಿದೆ ಕೊಡುವುದು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಅರವತ್ತು ವಾಯಿದೆಯಲ್ಲಿ ಅವಳು ಕೋರ್ಟು ಮುಟ್ಟಿದ್ದು ನಾಲ್ಕು ಸಲ. ನಾಲ್ಕು ಸಲವೂ ಜಡ್ಜರು ರಜೆ.

ಮಗಳು ತಿಂಗಳಿಗೊಮ್ಮೆ ನೋಡಲು ಬರುತ್ತಿದ್ದಳು. ನಡುವೆ ಎರಡು ಪದರದ ಜಾಲರಿ. ಹತ್ತು ನಿಮಿಷ. ಆಮೇಲೆ ಟೇಪಕ್ಕನನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಿ, ಬಟ್ಟೆ ಬಿಚ್ಚಿಸಿ, ಕುಕ್ಕರುಗಾಲಿನಲ್ಲಿ ಕೂರಿಸಿ, ಕೆಮ್ಮು ಎನ್ನುತ್ತಿದ್ದರು. ಜಾಲರಿಯಲ್ಲಿ ಬೆರಳು ತೂರುವುದಿಲ್ಲ, ಏನು ಬಚ್ಚಿಟ್ಟಾಳು? ಆದರೂ ಕೆಮ್ಮು. ಐದು ವರ್ಷ ಕೆಮ್ಮಿದಳು.

ಹೀಗಿರುವಾಗ ಶೆಡ್ಡಿಗೆ ಟೈಪಿಸ್ಟು ಬಂದಳು.

ಸಣ್ಣ ಹೆಂಗಸು, ದಪ್ಪ ಕನ್ನಡಕ. ಒಬ್ಬ ವಕೀಲರ ಆಫೀಸಿನಲ್ಲಿ ಹದಿನೈದು ವರ್ಷ ಟೈಪು ಮಾಡಿದವಳು. ವಕೀಲರು ಒಂದು ಸುಳ್ಳು ಕರಾರುಪತ್ರ ಹೇಳಿ ಬರೆಸಿದ್ದರು. ಹೇಳಿದವರು ಹೊರಗೆ, ಟೈಪು ಮಾಡಿದವಳು ಒಳಗೆ. ಅವಳಿಗೆ ಹೊಲಿಗೆ ಬಾರದು. ಹೊರಗೆ ಬಿದ್ದ ದಾರದ ಎಳೆ ಕತ್ತರಿಸಲು ಕೂರಿಸಿದರೆ ಬಟ್ಟೆಯನ್ನೇ ಕತ್ತರಿಸಿದಳು. ಆದರೆ ಕಾನೂನಿನ ಸೆಕ್ಷನ್ನುಗಳೆಲ್ಲ ಬಾಯಿಪಾಠ. ಬೇರೆಯವರು ಯಾವೂರು, ಮಕ್ಕಳೆಷ್ಟು ಎಂದು ಕೇಳುವ ಹಾಗೆ ಅವಳು ಎಲ್ಲರನ್ನೂ ಸೆಕ್ಷನ್ನು ಕೇಳುತ್ತಿದ್ದಳು.

"ನಿಮ್ಮದು ಯಾವುದು ಅಕ್ಕ?"

ಟೇಪಕ್ಕ ಹೇಳಿದಳು.

"ಅದೊಂದೇನಾ? ಜೊತೆಗೆ ಬೇರೆ ಏನೂ ಹಾಕಿಲ್ವಾ?"

"ಒಂದೇ. ಒಂದಕ್ಕೇ ಈ ಗತಿ."

"ಬಂದು ಎಷ್ಟಾಯ್ತು?"

"ಐದು ವರ್ಷ ಎರಡು ತಿಂಗಳು."

ಟೈಪಿಸ್ಟು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. "ಅಕ್ಕ, ಅದಕ್ಕೆ ಹೆಚ್ಚೂ ಅಂದ್ರೆ ಮೂರು ವರ್ಷ. ನೀವೇ ಕದ್ದಿದ್ದು ಅಂತ ಒಪ್ಕೊಂಡು, ಸಾಕ್ಷಿಗಳೆಲ್ಲ ನಿಮ್ಮ ವಿರುದ್ಧ ಹೇಳಿ, ಜಡ್ಜಿಗೂ ನಿಮ್ಮ ಮೇಲೆ ಸಿಟ್ಟು ಬಂದ್ರೂ ಅವರು ಕೊಡೋಕಾಗೋದು ಮೂರೇ."

"ಮತ್ತೆ ಉಳಿದ ಎರಡು?"

"ಅದನ್ನ ಯಾರೂ ಕೊಟ್ಟಿಲ್ಲ."

ಮಿಷನ್ನುಗಳು ಒಂದೊಂದಾಗಿ ನಿಂತವು. ಮೂಲೆಯಲ್ಲಿ ಕೋಟುಗಳಿಗೆ ಗುಂಡಿ ಹಾಕುತ್ತಿದ್ದ ಗುಂಡಿ ಅಜ್ಜಿ ಕತ್ತೆತ್ತಿದಳು. ರಸ್ತೆಬದಿಯಲ್ಲಿ ಹೂವು ಮಾರುತ್ತಿದ್ದವಳು ಅವಳು. ಬುಟ್ಟಿಯನ್ನು ಒದ್ದ ಅಧಿಕಾರಿಗೆ ನಾಲ್ಕು ಮಾತು ಬೈದಿದ್ದಕ್ಕೆ ಶಾಂತಿಭಂಗ ಎಂದು ಎಳೆದು ತಂದಿದ್ದರು.

"ನಂದೆಷ್ಟು ನೋಡೇ ತಾಯಿ."

"ಒಂದು ವರ್ಷ ಅಜ್ಜಿ. ಬಂದು ಎಷ್ಟಾಯ್ತು?"

"ನಾಲ್ಕು." ಅಜ್ಜಿ ಸೂಜಿ ಕೆಳಗಿಟ್ಟಳು. "ಹಾಗಾದ್ರೆ ಮೂರು ವರ್ಷದಿಂದ ನಾನಿಲ್ಲಿ ಏನ್ ಮಾಡ್ತಿದೀನಿ?"

"ಗುಂಡಿ ಹಾಕ್ತಿದೀಯ" ಎಂದಳು ಟೇಪಕ್ಕ.

ಅಷ್ಟೇ. ಎಲ್ಲಿತ್ತೋ ಆ ನಗು. ಮೊದಲು ಅಜ್ಜಿ ನಕ್ಕಳು, ಕಟ್ಟಿಸಿದ ಹಲ್ಲು ಜಾರಿ ಕೋಟಿನ ಜೇಬಿನೊಳಗೆ ಬಿತ್ತು. ಅದನ್ನು ಕಂಡು ಉಳಿದವರು. ಒಬ್ಬೊಬ್ಬರೇ ಓಡಿ ಬಂದು ಸೆಕ್ಷನ್ನು ಹೇಳುವುದು, ಟೈಪಿಸ್ಟು ವರ್ಷ ಹೇಳುವುದು, ಮತ್ತೆ ನಗು. ಆರು ತಿಂಗಳ ತಪ್ಪಿಗೆ ಎರಡು ವರ್ಷ ಕೂತವಳು ನೆಲದ ಮೇಲೆ ಹೊರಳಿದಳು. ಕೊನೆಗೆ ಎಣಿಸಿದರೆ ಟೇಪಕ್ಕ ಸೇರಿ ಹನ್ನೆರಡು ಜನ ತಮ್ಮ ಪೂರ್ತಿ ಶಿಕ್ಷೆ ಮುಗಿಸಿ, ಅದರ ಮೇಲೂ ಕೂತಿದ್ದರು. ಒಬ್ಬಳಿಗೂ ಶಿಕ್ಷೆ ಆಗಿರಲಿಲ್ಲ.

ಕಾವಲಿನ ಬೀಗದ ಮೇಡಂ ಓಡಿ ಬಂದಳು. ಸೊಂಟದಲ್ಲಿ ಬೀಗದ ಕೈ ಗೊಂಚಲು. "ಏನದು ನಗು? ಇದು ಜೈಲೋ ಮದುವೆ ಮನೆಯೋ?"

"ಅದೇ ಗೊತ್ತಾಗ್ತಿಲ್ಲ ಮೇಡಂ" ಎಂದಳು ಅಜ್ಜಿ ಹಲ್ಲು ಹುಡುಕುತ್ತ. "ಜೈಲು ಆಗಿದ್ರೆ ನಾವು ಇಲ್ಲಿ ಇರಬಾರದಂತೆ."

ನಗು ಮುಗಿದ ಮೇಲೆ ಸಿಟ್ಟು ಬಂತು. ಟೇಪಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಮಗಳು ದೊಡ್ಡವಳಾದದ್ದು ಆ ಎರಡು ವರ್ಷದಲ್ಲೇ. ಮಗಳು ಓದು ಬಿಟ್ಟು ಇಸ್ತ್ರಿ ಅಂಗಡಿಗೆ ಸೇರಿದ್ದೂ ಆಗಲೇ. ಆ ಎರಡು ವರ್ಷವನ್ನು ಯಾರೂ ತೀರ್ಪು ಕೊಟ್ಟು ಕಿತ್ತುಕೊಂಡಿರಲಿಲ್ಲ, ಮರೆತು ಕಿತ್ತುಕೊಂಡಿದ್ದರು. ಹೀಗೆ ಮರೆತವರ ಮುಖಕ್ಕೆ ಉಗಿಯಬೇಕು ಎನ್ನಿಸಿತು. ಯಾರ ಮುಖ ಎಂದು ಗೊತ್ತಿರಲಿಲ್ಲ.

ಟೈಪಿಸ್ಟು ಹನ್ನೆರಡು ಅರ್ಜಿ ಬರೆದುಕೊಟ್ಟಳು. ಪರಿಶೀಲನೆಯಲ್ಲಿದೆ ಎಂದು ಹನ್ನೆರಡು ಉತ್ತರ ಬಂದವು. ಹನ್ನೆರಡೂ ಒಂದೇ ಕಾಗದದ ನಕಲು.

ಅಷ್ಟರಲ್ಲಿ ಕೋಟಿನ ಗಲಾಟೆ ಶುರುವಾಯಿತು. ಊರಿನ ಕೋರ್ಟಿಗೆ ಹೊಸ ದೊಡ್ಡ ಜಡ್ಜರು ಬಂದಿದ್ದರು. ಅವರಿಗೊಂದು ಕೋಟು ಬೇಕು, ಒಂದು ತಿಂಗಳಲ್ಲಿ ಹೊಸ ಕಟ್ಟಡದ ಉದ್ಘಾಟನೆ. ಅಳತೆಯ ಚೀಟಿ ಕೋರ್ಟಿನ ಕ್ಲರ್ಕಿನ ಕೈಯಲ್ಲಿ ಬರುತ್ತಿತ್ತು. ಟೇಪಕ್ಕ ಹೊಲಿದು ಕಳಿಸಿದಳು. ಗುಂಡಿ ಕೂರುವುದಿಲ್ಲ ಎಂದು ವಾಪಸು ಬಂತು. ಇನ್ನೊಂದು ಹೊಲಿದಳು, ಅದೂ ವಾಪಸು. ಮೂರನೆಯದನ್ನು ತೊಟ್ಟು ಜಡ್ಜರು ಸೀನಿದರಂತೆ, ಬೆನ್ನಿನ ಹೊಲಿಗೆ ಮೇಲಿಂದ ಕೆಳಗಿನವರೆಗೆ ಬಿಟ್ಟುಕೊಂಡಿತಂತೆ.

ಸೂಪರಿಂಟೆಂಡೆಂಟರು ಕೋಟನ್ನು ತಂದು ಟೇಪಕ್ಕನ ಮುಖದ ಮೇಲೆ ಎಸೆದರು. "ನನ್ನ ಮರ್ಯಾದೆ ತೆಗೀಬೇಕು ಅಂತಾನೇ ಮಾಡ್ತಿದೀಯಾ?"

ಅವಳು ಕೋಟು ತಿರುಗಿಸಿ ನೋಡಿದಳು, ಚೀಟಿ ನೋಡಿದಳು. ಸಂಗತಿ ತಿಳಿಯಿತು. ಜಡ್ಜರ ಹೊಟ್ಟೆಗೆ ಟೇಪು ಸುತ್ತಲು ಕ್ಲರ್ಕಿಗೆ ಧೈರ್ಯವಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರಾರು? ಹಳೆಯ ಯಾವುದೋ ಚೀಟಿ ನೋಡಿ, ಪ್ರಮೋಷನ್ನಿಗೆ ಮುಂಚಿನ ಹೊಟ್ಟೆಯನ್ನು ಬರೆದು ಕಳಿಸುತ್ತಿದ್ದಾನೆ.

"ಸಾರ್, ಮೈ ನೋಡದೆ ಕೋಟು ಹೊಲಿಯೋಕಾಗಲ್ಲ. ಅವರೇ ಬರಬೇಕು. ಅಳತೆ ತಗೋಬೇಕು, ಟ್ರಯಲ್ ನೋಡಬೇಕು."

"ಜಡ್ಜ್ ಸಾಹೇಬರು ನಿನ್ನ ಹತ್ರ ಅಳತೆ ಕೊಡೋಕೆ ಬರಬೇಕಾ?"

ಟೇಪಕ್ಕನಿಗೆ ಒಳಗೆಲ್ಲೋ ಕಚಗುಳಿ ಇಟ್ಟಂತಾಯಿತು. "ಟ್ರಯಲ್ ಇಲ್ಲದೆ ಹೊಲಿಯಲ್ಲ ಸಾರ್" ಎಂದಳು.

ಹೇಳಿದ ಮೇಲೆ ಆ ಮಾತಿನ ರುಚಿ ಹತ್ತಿತು. ಮಾರನೇ ದಿನವೂ ಅದನ್ನೇ ಹೇಳಿದಳು. ಶಿಕ್ಷೆ ಎಂದು ಮೂರು ದಿನ ಪಾಯಿಖಾನೆ ತೊಳೆಸಿದರು. ಮೂವತ್ತು ಜನಕ್ಕೆಂದು ಕಟ್ಟಿದ ಬ್ಯಾರಕ್ಕು, ಇರುವುದು ನೂರ ಹನ್ನೆರಡು, ಪಾಯಿಖಾನೆ ನಾಲ್ಕು. ಲೆಕ್ಕ ಹಾಕಿಕೊಳ್ಳಿ. ಮೊಣಕೈವರೆಗೆ ಹೇಲಿನಲ್ಲಿ ಅದ್ದಿಕೊಂಡು ತೊಳೆದಳು. ಮಗಳ ಭೇಟಿ ರದ್ದು ಮಾಡಿದರು. ಆ ದಿನ ಊಟ ಮಾಡಲಿಲ್ಲ, ಗೋಡೆಯ ಕಡೆ ತಿರುಗಿ ಅತ್ತಳು. ಎದ್ದು ಮುಖ ತೊಳೆದು ಮತ್ತೆ ಅದನ್ನೇ ಹೇಳಿದಳು. ನಾಲ್ಕನೇ ದಿನ ಶೆಡ್ಡಿನವರೆಲ್ಲ ಮಿಷನ್ನಿಂದ ಕಾಲು ತೆಗೆದು ಕೂತರು. "ನಿಮ್ಮದೇನು?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಟ್ರಯಲ್ ಸಾರ್, ಟ್ರಯಲ್." ಕಿಸಿಕಿಸಿ ನಗು ಬೇರೆ. ಸೂಪರಿಂಟೆಂಡೆಂಟರಿಗೆ ನುಂಗಲೂ ಆಗದು, ಉಗುಳಲೂ ಆಗದು. ಉದ್ಘಾಟನೆ ಹತ್ತಿರ ಬರುತ್ತಿತ್ತು.

ಜಡ್ಜರು ಹೇಗೂ ಜೈಲಿನ ತಪಾಸಣೆಗೆ ಬರಬೇಕಿತ್ತು. ಅದನ್ನೇ ಬೇಗ ಇಟ್ಟುಕೊಂಡರು. ಬಂದರು. ದೊಡ್ಡ ಆಳು, ಮುಖ ಕೆಟ್ಟದ್ದಲ್ಲ. ನೆಲಕ್ಕೆ ಫಿನಾಯಿಲು ಹಾಕಿಸಿ, ಕುರ್ಚಿ ಹಾಕಿಸಿದ್ದರು. ಟೇಪಕ್ಕ ಅವರನ್ನು ಕುರ್ಚಿಯಲ್ಲಿ ಕೂರಲು ಬಿಡಲಿಲ್ಲ.

"ನಿಂತ್ಕೊಳ್ಳಿ ಸ್ವಾಮಿ. ಎರಡೂ ಕೈ ಮೇಲೆತ್ತಿ."

ಜಡ್ಜರು ಎರಡೂ ಕೈ ಎತ್ತಿದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಇವರನ್ನೆಲ್ಲ ಹಿಡಿಯುವಾಗ ಪೊಲೀಸರು ಹೇಳಿದ್ದೂ ಅದೇ.

"ಉಸಿರು ಬಿಡಿ. ಹೊಟ್ಟೆ ಒಳಗೆ ಎಳ್ಕೋಬೇಡಿ. ಟೇಪಿಗೆ ಸುಳ್ಳು ಹೇಳಿದ್ರೆ ಕೋಟು ಒಪ್ಪಲ್ಲ."

ಜಡ್ಜರಿಗೂ ನಗು ಬಂತು, ಹೊಟ್ಟೆ ತನ್ನ ಜಾಗಕ್ಕೆ ಬಂತು. "ಐವತ್ತೊಂದು" ಎಂದಳು ಟೇಪಕ್ಕ. "ಐವತ್ತೊಂದು" ಎಂದು ಟೈಪಿಸ್ಟು ಜೋರಾಗಿ ಹೇಳಿ ಬರೆದುಕೊಂಡಳು. ಚೀಟಿಯಲ್ಲಿ ನಲವತ್ತೆರಡು ಎಂದಿತ್ತು. ಕ್ಲರ್ಕು ತಗಡಿನ ಸೂರನ್ನು ನೋಡುತ್ತ ನಿಂತ.

ಎದೆಯ ಸುತ್ತ ಟೇಪು ಹಾಕಿದ ಟೇಪಕ್ಕ ಅದನ್ನು ಬಿಡಲಿಲ್ಲ. ಎರಡು ತುದಿಯನ್ನೂ ಹಿಡಿದುಕೊಂಡೇ ಕೇಳಿದಳು. "ಒಂದು ಮಾತು ಸ್ವಾಮಿ. ಬರೀ ಕಳ್ಳತನಕ್ಕೆ ಹೆಚ್ಚೂ ಅಂದ್ರೆ ಎಷ್ಟು ವರ್ಷ?"

"ಮೂರು."

"ನಾನು ಬಂದು ಐದು ವರ್ಷ ನಾಲ್ಕು ತಿಂಗಳು."

ಕೈ ಎತ್ತಿಕೊಂಡೇ ಜಡ್ಜರು ಸೂಪರಿಂಟೆಂಡೆಂಟರ ಕಡೆ ತಿರುಗಿದರು. ಅವರು ಕ್ಲರ್ಕಿನ ಕಡೆ ನೋಡಿದರು. ಕ್ಲರ್ಕು ಇನ್ನೂ ಸೂರಿನಲ್ಲೇ ಇದ್ದ.

"ಹಾಗಿರೋಕೆ ಸಾಧ್ಯ ಇಲ್ಲಮ್ಮ. ಟ್ರಯಲ್ ಮುಗಿದಿರಬೇಕಲ್ಲ?"

"ನಿಮ್ಮ ಕೋಟಿಗೆ ಮುಂದಿನ ಸೋಮವಾರ ಟ್ರಯಲ್ ಕೊಡ್ತೀನಿ ಸ್ವಾಮಿ. ಮೂರು ಕೋಟು ಹಾಳಾಯ್ತು, ನಾಲ್ಕನೇದಕ್ಕೆ ಕೂತಿದೀನಿ. ನೀವು ನನಗೆ ಯಾವಾಗ ಕೊಡ್ತೀರಾ?"

ಟೈಪಿಸ್ಟು ಮುಂದೆ ಬಂದು ಹನ್ನೆರಡು ಹೆಸರಿನ ಪಟ್ಟಿ ಕೊಟ್ಟಳು, ಒಬ್ಬೊಬ್ಬರ ಎದುರಿಗೂ ಸೆಕ್ಷನ್ನು, ಬಂದ ದಿನ. ಜಡ್ಜರು ಓದಿದರು. ಕಿವಿ ಕೆಂಪಾಯಿತು. "ನೋಡ್ತೀನಿ" ಎಂದು ಕ್ಲರ್ಕಿಗೆ ಕೊಟ್ಟರು. ಅವನು ಮಡಚಿ ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದ. ಹಿಂದಿನ ಜೇಬಿಗೆ ಹೋದ ಕಾಗದ ಒಗೆಯುವ ಕಲ್ಲಿಗೇ ಹೋಗುತ್ತದೆಂದು ಟೈಲರಿಗೆ ಹೇಳಿಕೊಡಬೇಕಿಲ್ಲ.

ಸೋಮವಾರ ಕಚ್ಚಾ ಹೊಲಿಗೆಯ ಕೋಟಿನ ಟ್ರಯಲ್ ಆಯಿತು. ಗುರುವಾರ ಕೋಟು ಹೋಯಿತು. ಶನಿವಾರ ಆದೇಶ ಬಂತು.

"ನಿನ್ನ ಅದೃಷ್ಟ" ಎಂದರು ಸೂಪರಿಂಟೆಂಡೆಂಟರು. ನಗುತ್ತಿದ್ದರು. "ಸಾಹೇಬರಿಗೆ ಕೋಟು ಬಹಳ ಹಿಡಿಸಿತಂತೆ. ಬಿಡುಗಡೆ. ಮಗಳಿಗೆ ಹೇಳಿ ಕಳಿಸಿದೀವಿ, ಗೇಟಿನ ಹತ್ರ ಇದಾಳೆ."

ಟೇಪಕ್ಕ ಗೇಟಿನ ಕಡೆ ಎರಡು ಹೆಜ್ಜೆ ಹಾಕಿದಳು. ತಟ್ಟನೆ ನಿಂತಳು. ಆಮೇಲೆ ಕೇಳಿದಳು, "ಉಳಿದ ಹನ್ನೊಂದು?"

"ಅವರು ಅರ್ಜಿ ಹಾಕ್ಕೊಳ್ಳಲಿ."

"ಪಟ್ಟಿ ಕೊಟ್ಟಿದ್ವಲ್ಲ ಸಾರ್. ಆ ಕೋಟಿಗೆ ಗುಂಡಿ ಹಾಕಿದ್ದು ಅಜ್ಜಿ."

"ಕೊಟ್ಟಿದ್ದನ್ನ ತಗೊಂಡು ಹೋಗು. ಜಾಸ್ತಿ ಮಾತು ಬೇಡ."

ಹಾಗಾದರೆ ಇದು ಕೋಟಿಗೆ ಕೊಟ್ಟ ಭಕ್ಷೀಸು. ನ್ಯಾಯವಾಗಿದ್ದರೆ ಹನ್ನೆರಡು ಜನಕ್ಕೂ ಬರುತ್ತಿತ್ತು. ಅವಳು ಪುಸ್ತಕದಲ್ಲಿ ಸಹಿ ಹಾಕಿದಳು. ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಒಳಗೇಟು ದಾಟಿದಳು. ಹೊರಗೇಟಿನ ಕಿಂಡಿಯಲ್ಲಿ ಮಗಳು ಕಂಡಳು, ಜಾಲರಿ ಇಲ್ಲದ ಮಗಳು, ತನಗಿಂತ ಎತ್ತರ. ಓಡಿ ಹೋಗಿ ತಬ್ಬಿಕೊಳ್ಳಬೇಕೆಂದು ಮೈಯೆಲ್ಲ ಹೊಡೆದುಕೊಂಡಿತು. ಹಾಗೇ ನಿಂತಳು. ಆಮೇಲೆ ತಿರುಗಿದಳು, ಬಂದ ದಾರಿಯಲ್ಲೇ ಒಳಗೆ ನಡೆದಳು. ಏನೋ ಮರೆತಿರಬೇಕು ಎಂದು ಬೀಗದ ಮೇಡಂ ಬಿಟ್ಟಳು. ಜೈಲಿನಿಂದ ಓಡಿ ಹೋಗುವವರನ್ನು ಹಿಡಿಯುವುದು ಅವಳಿಗೆ ಗೊತ್ತು, ಜೈಲಿನೊಳಗೆ ಓಡಿ ಬರುವವರಿಗೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ಟೇಪಕ್ಕ ಶೆಡ್ಡಿಗೆ ಬಂದು ತನ್ನ ಸ್ಟೂಲಿನ ಮೇಲೆ ಕೂತಳು.

"ಹುಚ್ಚು ಹಿಡಿದಿದ್ಯಾ ನಿನಗೆ?" ಅಜ್ಜಿ ಬೈದಳು. "ಹೋಗೇ, ಮಗಳು ಕಾಯ್ತಿದಾಳೆ."

"ಒಬ್ಬಳೇ ಹೋಗಲ್ಲ ಅಜ್ಜಿ. ಹೋದ್ರೆ ನಿಮ್ಮನ್ನ ಕೇಳೋರು ಯಾರು?"

ಐದು ಗಂಟೆಗೆ ಎಣಿಕೆ. ಎಲ್ಲರೂ ಜೋಡಿ ಜೋಡಿಯಾಗಿ ಕುಕ್ಕರುಗಾಲಿನಲ್ಲಿ ಕೂರಬೇಕು. ತಲೆಯ ಎಣಿಕೆ ಪುಸ್ತಕದ ಎಣಿಕೆಗೆ ಸರಿಹೋಗುವ ತನಕ ಕಾವಲಿನವರೂ ಮನೆಗೆ ಹೋಗುವ ಹಾಗಿಲ್ಲ. ಪುಸ್ತಕದಲ್ಲಿ ನೂರ ಹನ್ನೊಂದು. ತಲೆ ನೂರ ಹನ್ನೆರಡು. ಬೀಗದ ಮೇಡಂ ಇನ್ನೊಮ್ಮೆ ಎಣಿಸಿದಳು. ನೂರ ಹನ್ನೆರಡು. ಕಮ್ಮಿ ಬಂದರೆ ಗಂಟೆ ಬಾರಿಸಬೇಕು, ಜಾಸ್ತಿ ಬಂದರೆ ಏನು ಬಾರಿಸಬೇಕು? ಮೂರನೇ ಸಲ ಎಣಿಸುವಾಗ ಅವಳಿಗೇ ನಗು ಒತ್ತರಿಸಿಕೊಂಡು ಬಂತು. ಡ್ಯೂಟಿ ಮುಗಿದವರೂ ಹೊರಡಲಾಗದೆ ಸಾಲಾಗಿ ನಿಂತರು.

"ಕೂತ್ಕೋ ತಾಯಿ" ಎಂದಳು ಅಜ್ಜಿ ಬೀಗದ ಮೇಡಂಗೆ. "ನಿನಗೂ ವಾಯಿದೆ ಹಾಕಿದಾರೆ ಅಂದ್ಕೋ."

ನೂರ ಹನ್ನೆರಡು ಜನ ನಕ್ಕರು. ಕುಕ್ಕರುಗಾಲಿನಲ್ಲಿ ಕೂತು ನಗಲಾಗುವುದಿಲ್ಲ, ಸಾಲು ಸಾಲಾಗಿ ಹಿಂದಕ್ಕೆ ಉರುಳಿದರು. ಆಗ ಗೇಟಿನಿಂದ ಇನ್ನೊಬ್ಬ ಕಾವಲಿನವಳು ಬಂದಳು. "ಏನಮ್ಮ, ನಿಮ್ಮ ಮಗಳಿಗೆ ವಿಷಯ ಹೇಳಿದೆ. ಅಳ್ತಾಳೆ ಅಂದ್ಕೊಂಡ್ರೆ, ಹನ್ನೆರಡು ಜನಕ್ಕೆ ಆಟೋ ಸಾಲಲ್ಲ, ದೊಡ್ಡ ಗಾಡಿ ನೋಡ್ತೀನಿ ಅಂತ ಹೋದ್ಳು."

ಟೇಪಕ್ಕ ಕಣ್ಣೊರೆಸಿಕೊಂಡಳು. ನನ್ನ ಮಗಳು ಎಂದು ಹೆಮ್ಮೆಯಾಯಿತು.

ಸೂಪರಿಂಟೆಂಡೆಂಟರು ದಡದಡನೆ ಬಂದರು. "ಎದ್ದು ಹೋಗ್ತೀಯೋ ಇಲ್ವೋ? ಇದು ಅತಿಕ್ರಮ ಪ್ರವೇಶ. ಕೇಸು ಹಾಕಿ ಒಳಗೆ ಹಾಕಿಸ್ತೀನಿ."

"ಒಳಗೇ ಇದೀನಲ್ಲ ಸಾರ್."

"ಅದಕ್ಕೆ ಹೆಚ್ಚೂ ಅಂದ್ರೆ ಮೂರು ತಿಂಗಳು ಅಕ್ಕ" ಎಂದಳು ಟೈಪಿಸ್ಟು.

"ಮೂರೇ ತಿಂಗಳಾ? ಎರಡು ವರ್ಷ ನಾಲ್ಕು ತಿಂಗಳು ಮುಂಗಡವಾಗಿ ಕೂತಿದೀನಿ. ಅದರಲ್ಲಿ ಮುರ್ಕೊಳ್ಳಿ ಸಾರ್."

"ನಿನ್ನನ್ನ ಇಲ್ಲಿ ಇಟ್ಕೊಳ್ಳೋಕೆ ನನ್ನ ಹತ್ರ ಒಂದು ಕಾಗದ ಇಲ್ಲ" ಎಂದು ಸೂಪರಿಂಟೆಂಡೆಂಟರು ಕೂಗಿದರು. ಕತ್ತಿನ ನರ ಉಬ್ಬಿತ್ತು. "ಯಾವ ಕಾನೂನಿನ ಪ್ರಕಾರ ಕೂತಿದೀಯ ನೀನು ಇಲ್ಲಿ?"

ಟೇಪಕ್ಕ ಎದ್ದು ನಿಂತಳು. ಎಣಿಕೆಯ ಹೊತ್ತಿನಲ್ಲಿ ಯಾರೂ ಎದ್ದು ನಿಲ್ಲುವ ಹಾಗಿಲ್ಲ.

"ಮೂರು ವರ್ಷ ಮುಗಿದ ಮಾರನೇ ದಿನದಿಂದ ಇವತ್ತು ಬೆಳಗ್ಗೆ ತನಕ ಯಾವ ಕಾನೂನಿನ ಪ್ರಕಾರ ಕೂರಿಸಿದ್ರೋ, ಅದೇ ಸಾರ್."

ಸೂಪರಿಂಟೆಂಡೆಂಟರು ಸುತ್ತಲೂ ನೋಡಿದರು. ಅವರ ಕಾವಲಿನವರೂ ಅವರ ಉತ್ತರಕ್ಕೇ ಕಾದು ನಿಂತಿದ್ದ ಹಾಗಿತ್ತು. ಕೊನೆಗೆ ಜೇಬಿನಿಂದ ಫೋನು ತೆಗೆದು ಜಡ್ಜರ ಮನೆಗೆ ಹಚ್ಚಿದರು.

ಅತ್ತ ಫೋನು ಎತ್ತಿದ ಸದ್ದು ಕೇಳಿತು. ಗುಂಡಿ ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಒಟ್ಟು ಹನ್ನೊಂದು ಜನ.

"ಒಂದು ವರ್ಷದ್ದು" ಎಂದಳು ಅಜ್ಜಿ ಫೋನಿನ ಕಡೆ ಬಾಯಿ ಮಾಡಿ. "ನಾಲ್ಕು ಕೂತಿದೀನಿ. ಬರ್ಕೊಳ್ಳಿ ಸ್ವಾಮಿ. ಇನ್ನೂ ಹತ್ತು ಜನ ಇದಾರೆ, ಫೋನ್ ಇಡಬೇಡಿ."